ಎಡದ ಡಬ್ಬ, ಬಲದ ಡಬ್ಬ

ಹಲಸೂರು
9 ಜೂನ್ 2024

ಶ್ರೀನಾಥಣ್ಣ,

ನಿನ್ನ ಫೋನಿಗೆ ಮಾಡಿದ್ರೆ ಒಂದು ಸಲ ರಿಂಗಾಗಿ ಕಟ್ ಆಗುತ್ತೆ. ಬ್ಲಾಕ್ ಮಾಡಿದ್ರೆ ಹಂಗೇ ಆಗೋದು ಅಂತ ನಮ್ಮನೆಯವರು ಹೇಳಿದ್ರು. ಅದಕ್ಕೆ ಕಾಗದ. ಹಲಸೂರಿಂದ ಕಗ್ಗದಾಸಪುರಕ್ಕೆ ಅಂಚೆ ಹಾಕ್ತಿದ್ದೀನಿ ಅಂದ್ರೆ ಪೋಸ್ಟ್‌ಮ್ಯಾನೂ ನಗ್ತಾನೇನೋ. ಅತ್ತಿಗೆ ಒಡೆದು ಓದಿದ್ರೆ ಓದ್ಲಿ, ಬಚ್ಚಿಡೋದೇನಿಲ್ಲ. ಬರವಣಿಗೆ ತಪ್ಪಿದ್ರೆ ನೀನೂ ನಗಬೇಡ. ಅಮ್ಮ ಹಾಸಿಗೆ ಹಿಡಿದಾಗ ಎಂಟನೇ ಕ್ಲಾಸಿಗೇ ನನ್ನ ಸ್ಕೂಲ್ ಚೀಲ ಅಟ್ಟ ಹತ್ತಿತು, ನಿನ್ನದು ಡಿಪ್ಲೊಮಾ ತನಕ ಹೋಯ್ತು.

ವಿಷಯ ಅಪ್ಪನ ಸ್ಪೀಕರ್ ಡಬ್ಬದ್ದು. ಭಾಗದಲ್ಲಿ ನನಗೆ ಬಂದ ಎಡಗಡೆ ಡಬ್ಬದಲ್ಲಿ ದೊಡ್ಡ ಕೋನಿನ ಸುತ್ತ ಇದ್ದ ಸ್ಪಂಜಿನ ಅಂಚು ಪುಡಿಪುಡಿಯಾಗಿ ಉದುರ್ತಾ ಇದೆ. ಹಾಡು ಹಾಕಿದ್ರೆ ಪರಪರ ಅನ್ನುತ್ತೆ. ಜುಲೈ ಒಂದಕ್ಕೆ ಅಪ್ಪ ನಿನ್ನ ಮನೆಯಿಂದ ನನ್ನ ಮನೆಗೆ ಬರೋದು, ಬಂದ ದಿನವೇ ಅದರ ಮುಂದೆ ಹೋಗಿ ಕೂರುತ್ತೆ. ಅಷ್ಟರೊಳಗೆ ಸರಿ ಮಾಡಿಸೋಣ ಅಂತ ಶಿವಾಜಿನಗರದಲ್ಲಿ ಸ್ಪೀಕರ್ ರಿಪೇರಿ ಮಾಡೋ ಶಫಿ ಹತ್ರ ಹೋದೆ. ಆ ಕೋನು ಈಗ ಎಲ್ಲೂ ಬರಲ್ಲವಂತೆ. ಅವರ ಭಾಷೇಲಿ ಅದಕ್ಕೆ ಡ್ರೈವರ್ ಅಂತಾರೆ. ಬೇರೆ ಹಾಕೋದಾದ್ರೆ ಜೋಡಿ ಡಬ್ಬಾನೂ ನೋಡ್ಬೇಕು, ತನ್ನಿ ಅಕ್ಕಾ ಅಂದ.

ಜೋಡಿ ನಿನ್ನ ಹತ್ರ ಇದೆ.

ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆ ಅಂತ ಸೀರೆ ಕೊಟ್ಟು ಹಕ್ಕು ಬಿಡಿಸಿಕೊಳ್ಳೋದು ನಮ್ಮ ಕಡೆ ರೂಢಿ. ಅತ್ತೆಯರೆಲ್ಲ ಸೀರೆ ತಗೊಂಡು ಸೈನ್ ಹಾಕಿದ್ರು, ನಾನೊಬ್ಬಳು ಹಾಕಲಿಲ್ಲ. ಅದಕ್ಕೆ ನೀನು, ಸಮಪಾಲು ತಾನೆ, ಎಲ್ಲಾ ಸಮಪಾಲೇ ಆಗ್ಲಿ ಅಂತ ಹಂಡೆ, ಮಂಚ, ಒನಕೆ ಎಲ್ಲಾ ಆದಮೇಲೆ ಆ ಡಬ್ಬಾನೂ ಒಂದು ನಿನಗೆ ಒಂದು ನನಗೆ ಅಂದೆ. ಅಪ್ಪನಿಗೂ ಮೂರು ತಿಂಗಳು ಅಲ್ಲಿ, ಮೂರು ತಿಂಗಳು ಇಲ್ಲಿ. ಪಂಚಾಯ್ತಿಗೆ ಕೂತಿದ್ದ ಅಂಜನಮೂರ್ತಿ ಮಾವ ಡಬ್ಬ ಮಾತ್ರ ಒಂದೇ ಕಡೆ ಇರ್ಲಿ ಬಿಡ್ರಪ್ಪ ಅಂದಿದ್ದಕ್ಕೆ ನೀನೂ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ.

ಅಪ್ಪ ಫ್ಯಾಕ್ಟರಿಯಿಂದ ಬಂದು ಅದಕ್ಕೆ ಬೆಸುಗೆ ಹಾಕ್ತಿದ್ದಾಗ ಟಾರ್ಚ್ ಹಿಡೀತಿದ್ದೋಳು ನಾನು. ಮುಗಿದ ದಿನ ನಮ್ಮಿಬ್ಬರನ್ನೂ ಚಾಪೆ ಮೇಲೆ ನಟ್ಟನಡುವೆ ಕೂರಿಸಿ, ಕಣ್ಣು ಮುಚ್ಚಿಸಿ, ದೇವರನಾಮದ ಕ್ಯಾಸೆಟ್ ಹಾಕಿ, "ಹಾಡೋಳು ಎಲ್ಲಿ ನಿಂತವ್ಳೆ, ತೋರ್ಸಿ" ಅಂತು. ಎರಡು ಡಬ್ಬದ ಮಧ್ಯೆ ಗೋಡೇಲಿ ಕ್ಯಾಲೆಂಡರ್ ಇತ್ತಲ್ಲ, ಇಬ್ಬರೂ ಅದನ್ನೇ ತೋರಿಸಿದ್ವಿ. ಕಣ್ಣು ಬಿಟ್ಟು ನೋಡಿದ್ರೆ ಅಲ್ಲಿ ಯಾರೂ ಇಲ್ಲ. ಡಬ್ಬಗಳೇನೋ ಈ ಕಡೆ ಒಂದು ಆ ಕಡೆ ಒಂದು, ದನಿ ಮಾತ್ರ ಮಧ್ಯದಲ್ಲಿ. ನೀನು ಕ್ಯಾಲೆಂಡರ್ ಎತ್ತಿ ಹಿಂದೆ ಹುಡುಕಿದ್ದೆ.

ಅಪ್ಪನಿಗೆ ವಯಸ್ಸಾಯ್ತು. ಅದು ಸಾಯೋದ್ರೊಳಗೆ ಒಂದು ಸಲ ಆ ಜೋಡಿಯ ಮುಂದೆ ಕೂತು ಹಾಡೋಳನ್ನ ಮಧ್ಯದಲ್ಲಿ ಕೇಳ್ಬೇಕು. ನನಗೆ ಇಷ್ಟೇ ಬೇಕಾಗಿರೋದು. ಡಬ್ಬ ಕೊಟ್ಟಿರು. ನಿನ್ನ ಪಾಲು ನಿನಗೇ ವಾಪಸ್ ಕಳಿಸ್ತೀನಿ.

ನಿನ್ನ ತಂಗಿ
ಹಂಸ


ಕಗ್ಗದಾಸಪುರ
27 ಜೂನ್ 2024

ಹಂಸ,

ಕಾಗದ ತಲುಪಿತು. ನೀನು ಬರವಣಿಗೆಯಲ್ಲಿ ಕೇಳಿದ್ದೀಯ, ಬರವಣಿಗೆಯಲ್ಲೇ ಉತ್ತರ ಕೊಡುತ್ತಿದ್ದೇನೆ. ನಾಳೆ ನಾನು ಹಾಗಂದೆ ಹೀಗಂದೆ ಎಂದು ಸಂಬಂಧಿಕರ ಮನೆಗಳಲ್ಲಿ ಹೇಳಿಕೊಂಡು ತಿರುಗುವುದು ಬೇಡ.

ಬಲಗಡೆ ಡಬ್ಬ ನನ್ನ ಪಾಲು. ಕೊಡುವುದಿಲ್ಲ. ಸಮಪಾಲು ಬಾಯಿ ಬಿಟ್ಟು ಕೇಳಿದವಳು ನೀನು. ಹಾಡು ಕೇಳಬೇಕಿದ್ದರೆ ಇಂದಿರಾನಗರದ ಯಾವ ಅಂಗಡಿಗೆ ಹೋದರೂ ಅಂಗೈ ಅಗಲದ ಬ್ಲೂಟೂತ್ ಸ್ಪೀಕರ್ ಸಿಗುತ್ತದೆ.

ಇನ್ನೊಂದು ಮಾತು. ನಿನ್ನ ಮನೆಯಲ್ಲಿದ್ದು ಬಂದಾಗಲೆಲ್ಲ ಅಪ್ಪ ನನ್ನ ಜೊತೆ ಮಾತು ಬಿಟ್ಟಿರುತ್ತಾರೆ. ಹೊರಗೆ ಕರೆದುಕೊಂಡು ಹೋಗುವಾಗ ಕಾರಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಕೆ.ಆರ್. ಪುರದವರೆಗೂ ಮಾತಾಡಿಸುತ್ತೇನೆ, ಒಂದಕ್ಕೂ ಉತ್ತರವಿಲ್ಲ. ಕಿಟಕಿಯಾಚೆ ನೋಡುತ್ತಾ ಕೂರುತ್ತಾರೆ. ಅದೇ ನಿನ್ನ ಅತ್ತಿಗೆ ಸುಕನ್ಯ ಬಡಿಸುವಾಗ ಕೇಳಿದರೆ ಉತ್ತರ ಬರುತ್ತದೆ. ನೀನು ಏನು ಹೇಳಿಕೊಟ್ಟು ಕಳಿಸುತ್ತೀಯೋ ಗೊತ್ತಿಲ್ಲ. ಹೇಳಿಕೊಡುವುದನ್ನು ನಿಲ್ಲಿಸು.

ಅಪ್ಪನ ಬಿಪಿ ಮಾತ್ರೆ ಬೆಳಿಗ್ಗೆ ತಿಂಡಿಗೆ ಮುಂಚೆ. ಕಳೆದ ಸಲ ನೀನು ರಾತ್ರಿ ಕೊಟ್ಟಿದ್ದೆ.

ಶ್ರೀನಾಥ್ ಎಂ.


ಹಲಸೂರು
18 ಆಗಸ್ಟ್ 2024

ಅಣ್ಣ,

ಮಾತ್ರೆ ತಿಂಡಿಗೆ ಮುಂಚೆಯೇ ಕೊಡ್ತಿದ್ದೀನಿ.

ಹೇಳಿಕೊಡೋಳು ನಾನಲ್ಲ. ಅಪ್ಪ ನನ್ನ ಜೊತೆಗೂ ಮಾತಾಡಲ್ಲ. ನನ್ನ ಹೊಲಿಗೆ ಮೆಷಿನ್ ಪಕ್ಕದಲ್ಲೇ ಅದರ ಕುರ್ಚಿ. ಬ್ಲೌಸ್ ಹೊಲೀತಾ ಕಾಫಿ ಕೊಡ್ಲಾ ಅಂದ್ರೆ ಗೋಡೆ ನೋಡ್ಕೊಂಡು ಕೂತಿರುತ್ತೆ. ಕಾಫಿ ಮಾಡಿ ಮುಂದೆ ತಂದಿಟ್ರೆ, ಕೇಳಿದ್ರೆ ಹೇಳ್ತಿರಲಿಲ್ವಾ ಅನ್ನುತ್ತೆ. ಭಾಗ ಕೇಳಿದ ಕೋಪ ಇನ್ನೂ ಇಳಿದಿಲ್ಲ ಅಂತ ನಾನೇ ಸಮಾಧಾನ ಮಾಡ್ಕೊಂಡಿದ್ದೆ. ಈಗ ನಿನ್ನ ಕಾಗದ ಓದಿದ ಮೇಲೆ ಹೇಳಿಕೊಡೋರು ಯಾರು ಅಂತ ನನಗೂ ಅನುಮಾನ ಶುರುವಾಗಿದೆ.

ಅನುಮಾನಕ್ಕೆ ಕಾರಣಾನೂ ಇದೆ. ಸ್ಪಂಜ್ ಉದುರಿದ ಕಡೆ ಬಟ್ಟೆ ಅಂಟಿಸೋಣ ಅಂತ ಡಬ್ಬದ ಹಿಂದಿನ ಹಲಗೆ ತೆಗೆದೆ. ಕರೆಂಟು ಹೊಡೆಯುತ್ತೋ ಏನೋ ಅಂತ ವಠಾರದ ಮೇನ್ ಸ್ವಿಚ್ಚನ್ನೇ ಆಫ್ ಮಾಡಿದ್ದೆ, ಅಕ್ಕಪಕ್ಕದ ಮನೆಯವರ ಕೈಲಿ ಬೈಸಿಕೊಂಡೆ. ಒಳಗೆ ನೋಡಿದ್ರೆ ಮೇಲಿರೋ ಚಿಕ್ಕ ಟ್ವೀಟರ್‌ಗೆ ಕೆಂಪು ತಂತಿ ಕಪ್ಪಿನ ಜಾಗಕ್ಕೆ, ಕಪ್ಪು ತಂತಿ ಕೆಂಪಿನ ಜಾಗಕ್ಕೆ ಬೆಸೆದಿದೆ. ಅಪ್ಪ ಹಂಗೆಲ್ಲ ಉಲ್ಟಾ ಹಾಕೋ ಮನುಷ್ಯ ಅಲ್ಲ. ಭಾಗದ ದಿನ ಡಬ್ಬ ಆಟೋಗೆ ಏರಿಸೋ ಮುಂಚೆ ಹಲಗೆ ಬಿಚ್ಚಿ ಒಳಗೆ ಕೈ ಹಾಕಿದ್ದು ನೀನೊಬ್ಬನೇ. ತಂತಿ ಅಲುಗಾಡದಂಗೆ ಕಟ್ತಿದ್ದೀನಿ ಅಂದಿದ್ದೆ. ಏನು ಕಟ್ಟಿದೆ ಅಂತ ಈಗ ಗೊತ್ತಾಯ್ತು. ಕೊಡೋದು ಕೊಟ್ಟು ಒಳಗಿಂದ ಕೆಡಿಸಿ ಕೊಡೋದು ಯಾವ ಸೀಮೆ ನ್ಯಾಯ?

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ನಾನೇ ಹಾಕಿದ್ದೀನಿ. ಆದ್ರೂ ಹಾಡೋಳು ಬಾವಿ ಒಳಗೆ ನಿಂತು ಹಾಡ್ದಂಗೆ ಕೇಳುತ್ತೆ. ಇನ್ನೇನೇನು ಮಾಡಿದ್ದೀಯೋ ಅದನ್ನೂ ಬರೆದು ತಿಳಿಸು.

ಹಂಸ


ಕಗ್ಗದಾಸಪುರ
5 ಸೆಪ್ಟೆಂಬರ್ 2024

ಹಂಸ,

ನಾನು ಮುಟ್ಟಿಲ್ಲ. ನನ್ನ ಡಬ್ಬದಲ್ಲೂ ಟ್ವೀಟರಿನ ತಂತಿ ಉಲ್ಟಾ ಇದೆ. ಅಪ್ಪ ಬೇಕೆಂದೇ ಹಾಗೆ ಬೆಸೆದದ್ದು. ಅವರು ಮಾಡಿದ ಬಗೆಯ ಕ್ರಾಸೋವರಿಗೆ ಹಾಗೇ ಬೆಸೆಯಬೇಕು, ಇಲ್ಲದಿದ್ದರೆ ದೊಡ್ಡದರ ದನಿ ಚಿಕ್ಕದರ ದನಿ ಕೂಡುವ ಕಡೆಯೇ ಒಂದನ್ನೊಂದು ಅಳಿಸಿ ಹಾಕುತ್ತವೆ. ಹಾಡುವವಳನ್ನು ಬಾವಿಗೆ ಇಳಿಸಿದವಳು ನೀನು.

ಬೆಸೆದ ಮನುಷ್ಯ ನಿನ್ನ ಮೆಷಿನ್ನಿನ ಪಕ್ಕದಲ್ಲೇ ಕೂತಿದ್ದಾರೆ. ಅವರನ್ನು ಒಂದು ಮಾತು ಕೇಳಲಿಲ್ಲ. ಅಂಚೆ ಚೀಟಿ ಅಂಟಿಸಿ ನನ್ನ ಮೇಲೆ ಹೊರಿಸಿದೆ.

ಶ್ರೀನಾಥ್ ಎಂ.


ಹಲಸೂರು
29 ಸೆಪ್ಟೆಂಬರ್ 2024

ಅಣ್ಣ,

ಅಪ್ಪನ ಮುಂದೆ ಕೂತು ತಂತಿ ತೋರಿಸಿ ಕೇಳಿದೆ. ಹೂಂ, ಬೇಕಂತಲೇ ಹಾಕಿದ್ದು ಅಂತು. ಮತ್ತೆ ಉಲ್ಟಾ ಮಾಡಿದ್ದೀನಿ, ದನಿ ಬಾವಿಯಿಂದ ಮೇಲೆ ಬಂತು. ನಿನ್ನ ಮೇಲೆ ಹಾಕಿದ ಆ ಮಾತು ವಾಪಸ್ ತಗೋತೀನಿ. ಅದೊಂದು ಮಾತ್ರ.

ಕ್ರಾಸೋವರ್ ಅಂದ್ರೇನು ಅಂತ ಕೇಳಿದ್ದಕ್ಕೆ ಅಪ್ಪ ಅವತ್ತು ಚೆನ್ನಾಗಿ ಮಾತಾಡ್ತು. ಅದು ಪಂಚಾಯ್ತಿದಾರ ಇದ್ದಂಗೆ ಕಣಮ್ಮ, ಬರೋ ದನೀನ ಇಬ್ಭಾಗ ಮಾಡಿ ದಪ್ಪದ್ದು ದೊಡ್ಡೋನಿಗೆ, ಸಣ್ಣದ್ದು ಚಿಕ್ಕೋನಿಗೆ ಕೊಡುತ್ತೆ ಅಂತು. ಹಂಗಾದ್ರೆ ಜಗಳ ಇಲ್ವಾ ಅಂದೆ. ಮಧ್ಯದಲ್ಲಿ ಒಂದಿಷ್ಟು ಜಾಗ ಇಬ್ಬರಿಗೂ ಸೇರಿದ್ದು ಇರ್ತದೆ, ಅಲ್ಲಿ ಇಬ್ಬರೂ ಒಟ್ಟಿಗೆ ಹಾಡ್ಬೇಕು, ಅದನ್ನ ಹೊಂದಿಸೋದೇ ಕಷ್ಟ ಅಂತು. ನಾನು ಎದ್ದು ಮೆಷಿನ್ ಹತ್ರ ಕೂತ ಮೇಲೆ ಮತ್ತೆ ಅದೇ ಗೋಡೆ.

ಶಫಿ ಹೇಳಿದ್ದನ್ನ ನಿನಗೆ ಹೇಳ್ಬೇಕು. ಬಟ್ಟೆ ಅಂಟಿಸಿದ್ದು ಜಾಸ್ತಿ ದಿನ ಬರಲ್ಲ. ಒಂದು ಡಬ್ಬಕ್ಕೆ ಹಳೇ ಡ್ರೈವರ್, ಇನ್ನೊಂದಕ್ಕೆ ಹೊಸದು ಹಾಕಿದ್ರೆ ಒಂದು ಜೋರು, ಒಂದು ಮೆತ್ತಗೆ ಆಗುತ್ತಂತೆ, ಜನ್ಮದಲ್ಲಿ ಹೊಂದಲ್ಲವಂತೆ. ಎರಡಕ್ಕೂ ಹೊಸದೇ ಹಾಕ್ಬೇಕು. ಹೊಸದು ಹಾಕಿದ್ರೆ ಕ್ರಾಸೋವರೂ ಹೊಸದಾಗಿ ಲೆಕ್ಕ ಹಾಕ್ಬೇಕು, ಯಾಕಂದ್ರೆ ಅದನ್ನ ಡಬ್ಬಕ್ಕೆ ಅಂತ ಮಾಡಲ್ಲ, ಒಳಗೆ ಕೂರೋ ಡ್ರೈವರ್‌ಗೆ ಅಂತ ಮಾಡೋದು. ಹಂಗೆ ಎಲ್ಲಾ ಹೊಸದು ಮಾಡಿದ್ರೆ ಅದು ಅಪ್ಪನದು ಅನ್ನಿಸಿಕೊಳ್ಳುತ್ತಾ? ನನಗೆ ನಿದ್ದೆ ಬರ್ತಿಲ್ಲ. ಒಂದೇ ಡಬ್ಬ ಸರಿ ಮಾಡಿಸಿ ಸುಮ್ಮನಿರು ಅಂತಾರೆ ನಮ್ಮನೆಯವರು. ಒಂದೇ ಡಬ್ಬದಲ್ಲಿ ಹಾಡೋಳು ಡಬ್ಬದೊಳಗೇ ಇರ್ತಾಳೆ, ಆಚೆ ಬರಲ್ಲ ಅಂತ ಅವರಿಗೆ ಹೆಂಗೆ ಹೇಳ್ಲಿ?

ನಾಳಿದ್ದು ಅಪ್ಪ ನಿನ್ನ ಮನೆಗೆ. ಜನವರಿ ಒಂದಕ್ಕೆ ವಾಪಸ್ ಬರುವಾಗ ನಿನ್ನ ಡಬ್ಬಾನೂ ಜೊತೇಲಿ ಕಳಿಸು. ಇನ್ನು ಕೇಳಲ್ಲ.

ಹಂಸ

ಅಪ್ಪನ ಸ್ವೆಟರ್ ಚೀಲದ ತಳದಲ್ಲಿದೆ. ಹೋದ ಸಲ ಹುಡುಕದೆ ನಾನು ಕಳಿಸಿಲ್ಲ ಅಂದಿದ್ರಿ.


ಕಗ್ಗದಾಸಪುರ
31 ಡಿಸೆಂಬರ್ 2024

ಹಂಸ,

ಡಬ್ಬ ಅಪ್ಪನ ಜೊತೆ ಬರುತ್ತಿದೆ. ನೀನು ಕೇಳಿದ್ದಕ್ಕಲ್ಲ. ಸುಕನ್ಯ ಅದರ ಮೇಲೆ ಇಟ್ಟಿದ್ದ ಕುಂಡದಿಂದ ನೀರು ಇಳಿದು ಮೇಲಿನ ಹಲಗೆ ಉಬ್ಬಿದೆ. ಅದನ್ನು ನೋಡಿದಾಗಲೆಲ್ಲ ಅಪ್ಪ ಕೈಯಲ್ಲಿ ಸವರುತ್ತಾರೆ, ನನಗೆ ನೋಡಲಾಗುವುದಿಲ್ಲ.

ಷರತ್ತು: ಮಾರ್ಚ್ ಮುಗಿದ ಮೇಲೆ ಅಪ್ಪನ ಜೊತೆಯಲ್ಲೇ ಡಬ್ಬ ವಾಪಸ್ ಬರಬೇಕು. ಒಳಗೆ ದೊಡ್ಡ ಡ್ರೈವರ್ ನಾನು ಕೆಲವು ವರ್ಷದ ಹಿಂದೆ ಬದಲಾಯಿಸಿದ್ದೇನೆ, ಹಳೆಯದರ ಸದ್ದು ಸಾಲುತ್ತಿರಲಿಲ್ಲ. ಇದನ್ನು ನಾನಾಗಿಯೇ ತಿಳಿಸುತ್ತಿದ್ದೇನೆ, ಆಮೇಲೆ ಬಚ್ಚಿಟ್ಟೆ ಅನ್ನಬೇಡ.

ಮೂರು ತಿಂಗಳೂ ಮಾತಿಲ್ಲ. ನನ್ನ ಹುಟ್ಟುಹಬ್ಬದ ದಿನ ಕಾಲು ಮುಟ್ಟಿ, ಪಕ್ಕ ಕೂತು, ಅಪ್ಪ ನನ್ನಿಂದ ಏನಾದರೂ ತಪ್ಪಾಗಿದ್ದರೆ ಹೇಳಿಬಿಡು ಎಂದೆ. ಟಿವಿ ನೋಡುತ್ತಿದ್ದರು. ತಿರುಗಲಿಲ್ಲ. ನಿನಗೆ ಈಗ ಸಂತೋಷ ಆಗಿರಬೇಕು.

ಶ್ರೀನಾಥ್


ಹಲಸೂರು
9 ಫೆಬ್ರವರಿ 2025

ಅಣ್ಣ,

ಸಂತೋಷ ಆಗಲಿಲ್ಲ.

ನಿನ್ನ ಡಬ್ಬ ಬಿಚ್ಚಿ ನೋಡಿ ಶಫಿ ಹಣೆ ಚಚ್ಚಿಕೊಂಡ. ಅಪ್ಪನ ಕಾಗದದ ಕೋನು ತೆಗೆದು ಪ್ಲಾಸ್ಟಿಕ್ಕಿಂದು ಹಾಕಿದ್ದೀಯ, ಅದೂ ಎಂಟು ಓಮ್ಸ್ ಇದ್ದ ಕಡೆ ನಾಲ್ಕು ಓಮ್ಸಿಂದು, ಕ್ರಾಸೋವರ್ ಹಳೇದೇ, ಒಂದಕ್ಕೊಂದು ಹೊಂದೋದೇ ಇಲ್ಲವಂತೆ. ಡಿಪ್ಲೊಮಾ ಮಾಡಿದೋರು ಹಿಂಗೆ ಮಾಡ್ತಾರಾ ಅಂತ ಕೇಳ್ಬೇಕು ಅನ್ನಿಸ್ತು, ಆಮೇಲೆ ನಾನು ಮಾಡಿದ ಕೆಂಪು ಕಪ್ಪಿನ ಕೆಲಸ ನೆನಪಾಗಿ ಸುಮ್ಮನಾದೆ. ಇಬ್ಬರೂ ನಮ್ಮ ನಮ್ಮ ಪಾಲನ್ನ ನಾವೇ ಕೆಡಿಸಿದ್ವಿ.

ಎರಡಕ್ಕೂ ಹೊಸದೇ ತಗೊಂಡೆ. ಆರಿಸೋ ಹೊತ್ತಿಗೆ ನನ್ನ ಪ್ರಾಣ ಹೋಯ್ತು. ಶಫಿ ಪ್ಲಾಸ್ಟಿಕ್ ಕೋನು, ಕಾಗದದ ಕೋನು ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಹಾಡು ಹಾಕಿದ. ಪ್ಲಾಸ್ಟಿಕ್ಕಿಂದು ಢಂ ಅಂತ ಚೆನ್ನಾಗಿತ್ತು, ಮಾತು ಮಾತ್ರ ಬಾಯಲ್ಲಿ ಬೆಲ್ಲ ಇಟ್ಕೊಂಡಂಗೆ. ಕಾಗದದ್ದು ಸದ್ದು ಕಡಿಮೆ, ಉಸಿರು ತಗೊಳ್ಳೋದೂ ಕೇಳಿಸ್ತು. ಕಾಗದದ್ದೇ ಇರ್ಲಿ ಅಂದೆ. ಸ್ಪಂಜು ಬೇಡ, ರಬ್ಬರ್ ಅಂಚು. ಟ್ವೀಟರ್‌ಗೆ ರೇಷ್ಮೆ ಬಟ್ಟೆಯ ಗುಮ್ಮಟ ಇರೋದು. ಬಸ್ ಹತ್ತಿದ ಮೇಲೆ ತಪ್ಪು ಮಾಡಿದ್ನೇನೋ ಅಂತ ಇಳಿದು ವಾಪಸ್ ಹೋಗಿ ಇನ್ನೊಂದು ಸಲ ಹಾಕಿಸಿ ಕೇಳ್ದೆ. ಅದೇ ಸರಿ ಇತ್ತು.

ಕ್ರಾಸೋವರ್ ಮಾತ್ರ ರೆಡಿಮೇಡ್ ಬೋರ್ಡ್ ಸಿಗುತ್ತಲ್ಲ, ಅದನ್ನೇ ಹಾಕು, ಬೇಗ ಮುಗೀಲಿ ಅಂದೆ. ಶಫಿ ನಕ್ಕ. ಅಳತೆ ತಗೊಂಡು ಬ್ಲೌಸ್ ಹೊಲಿಯೋರು ನೀವೇ ಹಿಂಗಂದ್ರೆ ಹೆಂಗಕ್ಕಾ ಅಂದ. ಹಳೇ ಕ್ರಾಸೋವರಲ್ಲಿ ಅಪ್ಪ ಸುತ್ತಿದ್ದ ತಾಮ್ರದ ಕಾಯಿಲ್ ಎರಡನ್ನೂ ಇಟ್ಕೊಂಡ. ಹೊಸ ಡ್ರೈವರ್‌ಗೆ ಸರಿಯಾಗೋ ಹಂಗೆ ಒಂದಿಷ್ಟು ಸುತ್ತು ಬಿಚ್ಚೋದು, ಡಬ್ಬಕ್ಕೆ ಕೂರಿಸೋದು, ನಾನು ಕೇಳೋದು, ಇನ್ನಷ್ಟು ಬಿಚ್ಚೋದು. ಕೆಪಾಸಿಟರ್ ಮಾತ್ರ ಹೊಸದು. ಹಂಗಾಗಿ ದನಿ ಭಾಗ ಮಾಡೋ ಕಾಯಿಲ್ ಅಪ್ಪ ಕೈಯಾರೆ ಸುತ್ತಿದ್ದೇ ಇದೆ. ನನಗೆ ಸಮಾಧಾನ ಆಯ್ತು.

ನಿನ್ನ ಡಬ್ಬದ ಉಬ್ಬಿದ ಹಲಗೆ ಉಜ್ಜಿಸಿದ್ದೀನಿ. ಮುಂದಿನ ತಿಂಗಳು ಎರಡೂ ಮನೆಗೆ ಬರುತ್ತೆ. ನೀನು ಬಂದು ಕೇಳ್ತೀಯಾ ಅಂತ ಕರೆಯಲ್ಲ. ಬಂದ್ರೆ ಬಾಗಿಲು ಹಾಕಲ್ಲ.

ಹಂಸ


ಹಲಸೂರು
30 ಮಾರ್ಚ್ 2025

ಅಣ್ಣ,

ನೀನು ಬರಲಿಲ್ಲ. ಅದಕ್ಕೆ ಬರೀಬೇಕಾಗಿದೆ. ನಿಧಾನವಾಗಿ ಓದು.

ಹೋದ ಭಾನುವಾರ ಬೆಳಿಗ್ಗೆ ಎರಡು ಡಬ್ಬಾನೂ ಗೋಡೆಗೆ ಇಟ್ಟು, ಮಧ್ಯದಲ್ಲಿ ಕ್ಯಾಲೆಂಡರ್ ತೂಗು ಹಾಕಿದೆ. ಅಪ್ಪನ ಕುರ್ಚಿ ನಟ್ಟನಡುವೆ. ಶಫೀನೂ ಬಂದಿದ್ದ. ಆ ದೇವರನಾಮವನ್ನೇ ಹಾಕಿ ನಾನು ಮೊದಲು ಕೂತು ನೋಡಿದೆ. ಅಣ್ಣ, ಹಾಡೋಳು ಕ್ಯಾಲೆಂಡರಲ್ಲೇ ನಿಂತಿದ್ಲು. ನನಗೆ ಕಣ್ಣಲ್ಲಿ ನೀರು ಬಂತು.

ಅಪ್ಪನ್ನ ಕೂರಿಸಿ ಕಣ್ಣು ಮುಚ್ಚಿಸಿ ನಾನೇ ಕೇಳಿದೆ, ಹಾಡೋಳು ಎಲ್ಲಿ ನಿಂತವ್ಳೆ ತೋರ್ಸಪ್ಪ ಅಂತ. ಎಡಗಡೆ ಡಬ್ಬ ತೋರಿಸ್ತು.

ಬಲಗಡೇದು ನಿಂತೋಗಿದೆ ಅಂತ ಕಿವಿ ಇಟ್ಟು ನೋಡಿದೆ, ಹಾಡ್ತಾ ಇದೆ. ಶಫಿ ಆಂಪ್ಲಿಫೈಯರ್ ಹಿಂದಿನ ತಂತಿ ಅದಲು ಬದಲು ಮಾಡಿದ. ಅಪ್ಪ ಆಗಲೂ ಎಡಗಡೆ ತೋರಿಸ್ತು. ಡಬ್ಬಗಳನ್ನೇ ಎತ್ತಿ ಆ ಕಡೇದು ಈ ಕಡೆ ಇಟ್ವಿ. ಆಗಲೂ ಎಡಗಡೆ. ಕಾಯಿಲ್ ಬಿಚ್ಚಿದ್ದು ಜಾಸ್ತಿ ಆಯ್ತಾ, ಕಾಗದದ ಕೋನು ತಗೊಂಡಿದ್ದೇ ತಪ್ಪಾ ಅಂತ ನಾನು ಒಂದೇ ಸಮ ಬಡ್ಕೋತಿದ್ದೆ. ಶಫಿ ನನ್ನ ಕಡೆ ನೋಡಲಿಲ್ಲ. ಅಪ್ಪನ ಕುರ್ಚಿ ಹಿಡಿದು ಮೆಲ್ಲಗೆ ಹಿಂದುಮುಂದಾಗಿ ತಿರುಗಿಸಿದ, ಡಬ್ಬಗಳಿಗೆ ಬೆನ್ನು ಮಾಡಿ ಕೂರೋ ಹಂಗೆ. ಮತ್ತೆ ಹಾಕಿದ. ಈಗ ಅಪ್ಪ ಕೈ ಹಿಂದಕ್ಕೆ ಚಾಚಿ ಆ ಇನ್ನೊಂದು ಡಬ್ಬ ತೋರಿಸ್ತು. ಅದರ ಎಡಗಿವಿ ಯಾವ ಕಡೆ ಇತ್ತೋ ಆ ಡಬ್ಬ.

ಶಫಿ ಹಾಡು ನಿಲ್ಲಿಸಿ, ಡಬ್ಬದಲ್ಲಿ ಏನೂ ಇಲ್ಲ ಅಕ್ಕಾ ಅಂದ.

ಅಪ್ಪನ ಬಲಗಿವಿ ಪೂರ್ತಿ ಹೋಗಿದೆ. ಸೋಮವಾರ ಕಿವಿ ಡಾಕ್ಟರ್ ಹತ್ರ ಹೋಗಿದ್ದೆ, ಇದು ಹಳೇದು, ವರ್ಷಗಳಾಗಿದೆ, ಶುರುವಾದಾಗಲೇ ಬಂದಿದ್ರೆ ನೋಡಬಹುದಿತ್ತೇನೋ ಅಂದ್ರು. ನಿನ್ನ ಮನೇಲಿ ಒಂದು ಡಬ್ಬ, ನನ್ನ ಮನೇಲಿ ಒಂದು ಡಬ್ಬ. ಒಂದೇ ಡಬ್ಬದ ಮುಂದೆ ಕೂತಿದ್ರೆ ಒಂದು ಕಿವೀಲಿ ಕೇಳ್ತಿದೆಯಾ ಎರಡು ಕಿವೀಲಾ ಅಂತ ಯಾರಿಗೆ ಗೊತ್ತಾಗುತ್ತೆ? ನನ್ನ ಮೆಷಿನ್ ಇರೋದು ಅಪ್ಪನ ಬಲಗಡೆ. ಕಾರಲ್ಲಿ ನೀನು ಕೂರೋದೂ ಬಲಗಡೆ. ನಿನ್ನ ಹುಟ್ಟುಹಬ್ಬದ ದಿನ ಯಾವ ಕಡೆ ಕೂತಿದ್ದೆ ಅಂತ ನೆನಪು ಮಾಡ್ಕೋ.

ಶಫಿ ಹೋದ ಮೇಲೆ ನಾನು ಅಪ್ಪನ ಎಡಗಡೆ ಹೋಗಿ ಕೂತೆ. ಯಾವಾಗಿಂದ ಅಪ್ಪ ಅಂದೆ. ಆಗ ನನ್ನ ಬಾಯಿಂದ ಬಂದ ಎರಡನೇ ಮಾತು ಏನು ಗೊತ್ತಾ?

"ಅಣ್ಣನ ಮನೇಲಿದ್ದಾಗ ಶುರುವಾಯ್ತಾ, ಇಲ್ಲಿದ್ದಾಗಲಾ?"

ಅಪ್ಪ ನನ್ನ ಮುಖ ನೋಡ್ತು. ಕೋಪ ಇರಲಿಲ್ಲ.

"ಅದಕ್ಕೇ ಕಣಮ್ಮ ನಾನು ಹೇಳ್ನಿಲ್ಲ. ಹೇಳಿದ್ರೆ ಇದನ್ನೂ ಭಾಗ ಹಾಕ್ತಿದ್ರಿ."

ಆಮೇಲೆ ಡಬ್ಬದ ಹತ್ರ ಹೋಗಿ ಹಿಂದಿನ ಹಲಗೆ ಸರಿಸಿ ಎರಡರ ಒಳಗೂ ಕೈ ಆಡಿಸ್ತು. ಬೆಸುಗೆ ಯಾರು ಹಾಕಿದ್ದು, ಚೆನ್ನಾಗಿ ಕೂತಿದೆ ಅಂತು. ಶಫಿ ಕಣಪ್ಪ ಅಂತ ಹೇಳಿ ಅಡುಗೆ ಮನೆಗೆ ಹೋದೆ.

ಒಪ್ಪಿದ ಹಂಗೆ ನಿನ್ನ ಡಬ್ಬ ನಾಳಿದ್ದು ಅಪ್ಪನ ಜೊತೆ ಬರುತ್ತೆ. ಎರಡೂ ಕಳಿಸೋಣ ಅಂತಿದ್ದೆ. ಬೇಡ, ಇನ್ನು ಅಪ್ಪನಿಗೆ ಒಂದೇ ಸಾಕು. ಕುರ್ಚಿಯ ಎಡಗಡೆ ಇಡು. ಅತ್ತಿಗೆಗೆ ಕುಂಡ ಬೇರೆ ಕಡೆ ಇಡೋಕೆ ಹೇಳು. ಕಾರಲ್ಲಿ ಹಿಂದಿನ ಸೀಟಿಗೆ ಕೂರಿಸು, ಪಕ್ಕದಲ್ಲಿ ಎಡಗಡೆ ಯಾರಾದ್ರೂ ಕೂತು ಮಾತಾಡಿಸಲಿ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೆ. ಈ ಒಂದು ವಾರದಲ್ಲಿ ನನ್ನ ಜೊತೆ ಮಾತಾಡಿದಷ್ಟು ಇಷ್ಟು ವರ್ಷದ್ದೆಲ್ಲ ಸೇರಿಸಿದ್ರೂ ಇಲ್ಲ.

ಒಂದೇ ಒಂದು ಯೋಚನೆ ನನ್ನ ಬಿಡ್ತಿಲ್ಲ. ಈ ವರ್ಷಗಳಲ್ಲಿ ಅಪ್ಪ ಕೂತಿರೋ ಹಾಗೇ, ಅದರ ತಲೆ ಮೇಲಿಂದ ನಿನ್ನನ್ನ ನಾನು, ನನ್ನನ್ನ ನೀನು ಏನೇನೋ ಅಂದಿದ್ದೀವಿ. ಮೂರು ತಿಂಗಳ ಲೆಕ್ಕ ಅಂದಿದ್ದೀವಿ, ಯಾವಾಗ ಮುಗಿಯುತ್ತೋ ಅಂದಿದ್ದೀವಿ. ಬಲಗಡೆ ನಿಂತು ಆಡಿದ್ದೆಲ್ಲ ಕೇಳಿಸಿಲ್ಲ ಅಂತ ಸಮಾಧಾನ ಮಾಡ್ಕೊಳ್ಳೋಣ ಅಂದ್ಕೊಂಡೆ. ಆದ್ರೆ ಯಾವ ಮಾತನ್ನ ಯಾವ ಕಡೆ ನಿಂತು ಆಡಿದ್ದು ಅಂತ ನನಗೆ ನೆನಪಾಗ್ತಿಲ್ಲ.

ನಿನಗೆ ನೆನಪಿದ್ಯಾ?

ಹಂಸ